ಕಾಗದ ಸುತ್ತಿದ ಗುಂಡು

ಏಳನೆಯ ಗುಂಡು ಗುರಿಹಲಗೆಯನ್ನು ಅಡ್ಡವಾಗಿ ತೂರಿ ಹೋಗಿತ್ತು. ದುಂಡಗೆ ತೂತು ಬೀಳಬೇಕಾದ ಕಡೆ ಹೆಬ್ಬೆರಳುದ್ದದ ಸೀಳು. ಜುಲ್ಕಿಫ್ಲಿ ಅದನ್ನು ದುರ್ಬೀನಿನಲ್ಲಿ ನೋಡಿದ. ಕುತ್ತಿಗೆಯ ಬೆವರು ಒರೆಸಿಕೊಂಡು, ಮೆಲ್ಲಗೆ ಬಂದು, ಸ್ವರ್ಣಲತಾಳ ಕೈಯಿಂದ ಬಂದೂಕನ್ನು ತೆಗೆದುಕೊಂಡ.

"ಇವತ್ತಿಗೆ ಸಾಕು ಡಾಕ್ಟರ್. ಎನಫ್ ಲಾ," ಎಂದ, ಇಲ್ಲಿನವರು ಮಾತಿನ ಕೊನೆಗೆ ಸೇರಿಸುವ ‘ಲಾ’ ಸೇರಿಸಿ.

"ಇನ್ನೂ ಮೂರು ಉಂಟಲ್ಲ?"

"ಹತ್ತರಲ್ಲಿ ಎಂಟು ಕಪ್ಪು ವೃತ್ತದ ಒಳಗೆ ಬೀಳಬೇಕು. ಈಗಾಗಲೇ ನಾಲ್ಕು ಹೊರಗೆ. ಆ ಮೂರು ಹೊಡೆದು ಏನು ಪ್ರಯೋಜನ? ಅದೂ ಅಲ್ಲದೆ ಗುಂಡು ಹೀಗೆ ಪಲ್ಟಿ ಹೊಡೀತಾ ಹೋದ್ರೆ ಎಲ್ಲಿ ಹೋಗಿ ಬೀಳುತ್ತೋ ಹೇಳೋಕಾಗಲ್ಲ. ದಿಬ್ಬದ ಆಚೆ ತೋಟದಲ್ಲಿ ಜನ ಕೆಲಸ ಮಾಡ್ತಾರೆ."

ಕ್ಲಾಂಗ್ ಪಟ್ಟಣ ದಾಟಿದ ಮೇಲೆ ಸಿಗುವ ತಾಳೆ ತೋಟಗಳ ನಡುವಿನ ಆ ಶೂಟಿಂಗ್ ಕ್ಲಬ್ಬಿಗೆ ಜುಲ್ಕಿಫ್ಲಿಯೇ ಮೇಲ್ವಿಚಾರಕ. ಸೈನ್ಯದಿಂದ ನಿವೃತ್ತನಾದವನು, ಸುಮ್ಮಸುಮ್ಮನೆ ಯಾರನ್ನೂ ತಡೆಯುವವನಲ್ಲ. ಸ್ವರ್ಣಲತಾ ತಲೆ ತಗ್ಗಿಸಿಕೊಂಡು ಬೆಂಚಿನ ಮೇಲೆ ಕೂತಳು. ಬಲಭುಜ ಕೀವು ತುಂಬಿದ ಗಾಯದಂತೆ ಮಿಡಿಯುತ್ತಿತ್ತು. ಕ್ಲಬ್ಬು ಅವಳಿಗೆ ಕೊಟ್ಟಿದ್ದು ಮೂರು ಅವಕಾಶ. ಎರಡು ಹೋದವು.

ಆ ಬಂದೂಕು ಅವಳದಲ್ಲ, ಅವಳ ಗಂಡ ತ್ರಿವಿಕ್ರಮನದು. ಸರಿಯಾಗಿ ಹೇಳುವುದಾದರೆ ಕ್ಲಬ್ಬಿನದೇ. ಆದರೆ ಅದನ್ನು ಅವನಲ್ಲದೆ ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಹಳೆಯ ಕಾಲದ ಮಾದರಿಯ, ಬಾಯಿಯ ಕಡೆಯಿಂದ ಕರಿಮದ್ದು ತುಂಬುವ, ಒನಕೆಯಷ್ಟು ಭಾರದ ಬಂದೂಕು. ಟ್ರಿಗರ್ ಎಳೆದರೆ ಸಾಕು ಸಿಡಿಯುವ ಈಗಿನವುಗಳ ಹಾಗಲ್ಲ ಅದು. ಪ್ರತಿ ಸಲ ಮದ್ದು ಸುರಿಯಬೇಕು, ಅದರ ಮೇಲೆ ಉಣ್ಣೆಯ ಬಿಲ್ಲೆ ಕೂರಿಸಬೇಕು, ಕೊನೆಗೆ ಕಾಗದ ಸುತ್ತಿದ ಉದ್ದನೆಯ ಸೀಸದ ಗುಂಡನ್ನು ಗಜವೆಂಬ ಸಲಾಕೆಯಿಂದ ಇಳಿಸಬೇಕು. ಎಲ್ಲ ಕಷ್ಟ ಇರುವುದು ಆ ಕಾಗದದಲ್ಲಿ. ಸೀಸ ಮೆದು, ಬರಿ ಸೀಸ ನಳಿಗೆಗೆ ಉಜ್ಜಿದರೆ ಅಲ್ಲೇ ಮೆತ್ತಿಕೊಳ್ಳುತ್ತದೆ. ನಡುವೆ ಕಾಗದವಿದ್ದರೆ ನಳಿಗೆಯೊಳಗಿನ ಸುರುಳಿ ಗೆರೆಗಳು ಕಾಗದವನ್ನು ಹಿಡಿಯುತ್ತವೆ, ಕಾಗದ ಗುಂಡನ್ನು ಹಿಡಿಯುತ್ತದೆ, ಗುಂಡು ಬುಗುರಿಯಂತೆ ತಿರುಗುತ್ತಾ ಹೊರಡುತ್ತದೆ. ನಳಿಗೆ ದಾಟಿದ ಕ್ಷಣ ಕಾಗದ ಚಿಂದಿಯಾಗಿ ಉದುರಿ ಗುಂಡೊಂದೇ ಮುಂದಕ್ಕೆ ಹೋಗಬೇಕು. ಕಾಗದ ಕೂದಲೆಳೆಯಷ್ಟು ಎಡವಟ್ಟಾದರೂ ಗುರಿ ಮೊಳದಷ್ಟು ತಪ್ಪುತ್ತದೆ.

ತ್ರಿವಿಕ್ರಮನ ಕೈಯಲ್ಲಿ ಅದು ತಪ್ಪಿದ್ದನ್ನು ಯಾರೂ ಕಂಡವರಿಲ್ಲ.

ಮಗಳು ಅಮೂಲ್ಯಾ ಒಂದನೇ ಕ್ಲಾಸಿನಲ್ಲಿದ್ದಾಗ ಗಂಡ ಹೆಂಡತಿ ಇಬ್ಬರೂ ಮಣಿಪಾಲದಿಂದ ಈ ಪರದೇಶದ ಮೆಡಿಕಲ್ ಕಾಲೇಜಿಗೆ ಪಾಠ ಹೇಳಲು ಬಂದವರು. ಅವನು ಮೂಳೆ ಡಾಕ್ಟರು, ಅವಳು ಪೆಥಾಲಜಿಯವಳು. ಹೋದ ವರ್ಷ ವಿದ್ಯಾರ್ಥಿಗಳಿಗೆ ಪ್ಲಾಸ್ಟರ್ ಹಾಕುವುದನ್ನು ತೋರಿಸುತ್ತಿದ್ದಾಗ ತ್ರಿವಿಕ್ರಮನ ಬಲಗೈ ನಡುವೆಯೇ ನಿಂತುಬಿಟ್ಟಿತು. ಏನಾಯಿತು ಸಾರ್ ಎಂದು ಕೇಳಿದವರಿಗೆ ಉತ್ತರ ಹೇಳಲು ಬಾಯಿ ತೆರೆದ, ಮಾತು ಬರಲಿಲ್ಲ. ಅಂದಿನಿಂದ ಬಲಭಾಗವೂ ಇಲ್ಲ, ಮಾತೂ ಇಲ್ಲ. ಸುಬಾಂಗ್ ಜಯಾದ ಮನೆಯಲ್ಲಿ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತು ಎಲ್‌ಆರ್‌ಟಿ ರೈಲು ಹೋಗುವುದನ್ನು ನೋಡುತ್ತಿದ್ದ. ರೈಲು ಬಂದರೂ ಅದೇ ನೋಟ, ಬರದಿದ್ದರೂ ಅದೇ ನೋಟ. ಅಮೂಲ್ಯಾ ಎದುರಿಗೆ ಬಂದು ಅಪ್ಪಾ ಎಂದರೆ ಅವಳನ್ನು ದಾಟಿ ಗೋಡೆಯನ್ನು ನೋಡುತ್ತಿದ್ದ. ವ್ಯಾಯಾಮ ಮಾಡಿಸಲು ಬರುವ ಕೀರ್ತಿರಾಜ್ ಅವರದೇ ಕಾಲೇಜಿನವನು, ಸ್ನೇಹಿತ. ಮೊದಮೊದಲು "ಬರ್ತದೆ, ಬರ್ತದೆ" ಅನ್ನುತ್ತಿದ್ದವನು ಆಮೇಲಾಮೇಲೆ ಆ ಮಾತು ಬಿಟ್ಟ. "ಮೊದಲ ಕೆಲವು ತಿಂಗಳಲ್ಲಿ ಬಂದದ್ದು ಬಂತು ಮೇಡಂ. ಆಮೇಲೆ ಕಷ್ಟ" ಎಂದು ಒಂದು ದಿನ ಚಪ್ಪಲಿ ಹಾಕಿಕೊಳ್ಳುತ್ತಾ, ಅವಳ ಮುಖ ನೋಡದೆ ಹೇಳಿ ಹೋದ.

ಗಂಡನ ಲಾಕರಿನ ಕೀಲಿಕೈ ಹಿಂದಿರುಗಿಸಲೆಂದು ಅವಳು ಕ್ಲಬ್ಬಿಗೆ ಹೋಗಿದ್ದು ಆ ವಾರವೇ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಅವನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋಗಿದ್ದಳು. ಜುಲ್ಕಿಫ್ಲಿ ನಳಿಗೆಯೊಳಗಿನ ಹಳೆಯ ಎಣ್ಣೆ ಸುಟ್ಟುಹೋಗಲಿ ಎಂದು ಆ ಬಂದೂಕಿಗೆ ಬರೀ ಮದ್ದು ಹಾಕಿ ಒಂದು ಸಲ ಹಾರಿಸಿದ. ಢಮ್ ಎಂದಿತು, ಬಿಳಿಯ ಹೊಗೆ ಉರುಳಿಕೊಂಡು ಕಾರಿನ ತನಕ ಬಂತು. ತ್ರಿವಿಕ್ರಮನ ಎಡಗೈ ಮೇಲೆದ್ದು ಕಾರಿನ ಗಾಜಿಗೆ ಒತ್ತಿತು. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅವನು ನೋಡುತ್ತಿದ್ದ. ನಿಜವಾಗಿ ನೋಡುತ್ತಿದ್ದ.

ಅವಳು ಕೀಲಿಕೈಯನ್ನು ಪರ್ಸಿನಲ್ಲೇ ಇಟ್ಟುಕೊಂಡು ಹಿಂತಿರುಗಿದಳು.

ಆದರೆ ಕ್ಲಬ್ಬಿನವರು ಕರಿಮದ್ದಿನ ವಿಭಾಗವನ್ನೇ ಮುಚ್ಚುವ ಯೋಚನೆಯಲ್ಲಿದ್ದರು. ಒಬ್ಬನೇ ಸದಸ್ಯನಿಗಾಗಿ ಮದ್ದು ದಾಸ್ತಾನಿಡುವುದು ದೊಡ್ಡ ರಗಳೆ. ಆ ಒಬ್ಬನೂ ಈಗ ಹೊಡೆಯುವ ಸ್ಥಿತಿಯಲ್ಲಿಲ್ಲ. ವಾರ್ಷಿಕ ಸಭೆಯೊಳಗೆ ಯಾರಾದರೂ ಅರ್ಹತೆ ಪಡೆದರೆ ಇರುತ್ತದೆ, ಇಲ್ಲದಿದ್ದರೆ ಬಂದೂಕು ಯಾವುದೋ ಉಗ್ರಾಣಕ್ಕೆ. "ನಾನು ಹೊಡೀತೇನೆ" ಎಂದು ಸ್ವರ್ಣಲತಾ ಹೇಳಿದಾಗ ಅವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಡನ ಜೊತೆ ಬಂದು ಸಣ್ಣ ಬಂದೂಕಿನಲ್ಲಿ ಅವಳು ಹೊಡೆದದ್ದುಂಟು, ಕೈ ಕೆಟ್ಟದ್ದೇನಲ್ಲ. ಅವನಿಗೆ ಮದ್ದು ಅಳೆದು ಕೊಟ್ಟದ್ದುಂಟು. ಆದರೆ ಕಾಗದ ಸುತ್ತುವ ಕೆಲಸಕ್ಕೆ ಅವನು ಯಾರನ್ನೂ ಬಿಟ್ಟುಕೊಂಡಿರಲಿಲ್ಲ; ಅವಳೂ ಅದನ್ನು ಗಮನವಿಟ್ಟು ನೋಡಿದವಳಲ್ಲ. ಎರಕ ಹೊಯ್ದ ಬರಿ ಗುಂಡುಗಳು ಡಬ್ಬಿ ತುಂಬ ಇದ್ದವು. ಸುತ್ತಿದ್ದು ಒಂದೂ ಉಳಿದಿರಲಿಲ್ಲ.

ಎರಡನೆಯ ಸೋಲಿನ ದಿನ ಗುಂಡು ಹಾರಿಸುವುದು ನಿಂತ ಮೇಲೆ ಅವಳು ಹುಲ್ಲಿನಲ್ಲಿ ಕೂತು ನಳಿಗೆಯ ಮುಂದೆ ಉದುರಿದ್ದ ಕಾಗದವನ್ನೆಲ್ಲ ಆರಿಸಿದಳು. ಕೆಲವು ಸಣ್ಣ ಪಟ್ಟಿಗಳಾಗಿ ಸೀಳಿದ್ದವು. ಕೆಲವು ಸೀಳದೆ ಇಡಿಯಾಗಿ ಸುರುಳಿಯಂತೆ ಬಿದ್ದಿದ್ದವು. ಸೋಮವಾರ ಕಾಲೇಜಿನ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಳು. ಸುಟ್ಟ ಕುರುಹಿಲ್ಲ. ಹಾಗಾದರೆ ಕಾಗದವೇ ದಪ್ಪವಾಯಿತು, ಅದಕ್ಕೇ ಹರಿಯುತ್ತಿಲ್ಲ ಅಂದುಕೊಂಡಳು. ಪೆಟಾಲಿಂಗ್ ಜಯಾದ ಅಂಗಡಿ ಅಂಗಡಿ ಅಲೆದು ತೆಳ್ಳನೆಯ ಟ್ರೇಸಿಂಗ್ ಕಾಗದ ತಂದಳು. ಗಾಳಿಯ ತೇವ ಕಾರಣವಿರಬಹುದೆಂದು ಜುಲ್ಕಿಫ್ಲಿ ಹೇಳಿದ್ದಕ್ಕೆ ಸುತ್ತಿದ ಗುಂಡುಗಳನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಳು. ಮದ್ದು ಕಡಿಮೆ ಮಾಡಿದಳು, ಹೆಚ್ಚು ಮಾಡಿದಳು. ಪ್ರತಿ ಗುಂಡಿನ ನಂತರ ಒದ್ದೆ ಬಟ್ಟೆಯಿಂದ ನಳಿಗೆ ಒರೆಸಿದಳು. ಅಭ್ಯಾಸದ ದಿನ ಎರಡು ಗುಂಡು ಒಂದರ ಪಕ್ಕ ಒಂದು ಬಿದ್ದು ಅವಳ ಎದೆ ಹಾರುತ್ತಿತ್ತು. ಮೂರನೆಯದು ಹಲಗೆಯನ್ನೇ ಮುಟ್ಟುತ್ತಿರಲಿಲ್ಲ. ಏನಾದರೂ ಒಂದೇ ರೀತಿ ತಪ್ಪಿದರೆ ತಿದ್ದಬಹುದು. ಇದು ಹುಚ್ಚು ಹಿಡಿದಂತೆ ಎತ್ತ ಬೇಕಾದರತ್ತ ಹೋಗುತ್ತಿತ್ತು.

ಕೊನೆಯ ಪರೀಕ್ಷೆಗೆ ಒಂದು ವಾರ ಉಳಿದ ಶನಿವಾರ. ಮಧ್ಯಾಹ್ನದ ಮೋಡ ಕಟ್ಟಿ ಮನೆಯೊಳಗೆ ದೀಪ ಹಾಕುವಷ್ಟು ಮಬ್ಬಾಗಿತ್ತು. ಊಟದ ಮೇಜಿನ ಮೇಲೆ ಕಾಗದದ ಓರೆ ಪಟ್ಟಿಗಳು, ಗಾಜಿನ ತಟ್ಟೆಯಲ್ಲಿ ನೀರು, ಸಾಲಾಗಿ ಗುಂಡುಗಳು. ಸ್ವರ್ಣಲತಾ ಒದ್ದೆ ಪಟ್ಟಿಯನ್ನು ಕುಂಚದ ತುದಿಯಿಂದ ಎತ್ತಿ, ಪ್ರಯೋಗಶಾಲೆಯಲ್ಲಿ ಅಂಗಾಂಶದ ತೆಳುಪರೆಯನ್ನು ಗಾಜಿನ ಮೇಲೆ ಇಳಿಸುವ ಹಾಗೆ, ಉಸಿರು ಬಿಗಿಹಿಡಿದು ಗುಂಡಿನ ಮೇಲೆ ಹಾಸುತ್ತಿದ್ದಳು. ಹರಿಯಬಾರದು, ಸುಕ್ಕಾಗಬಾರದು.

ಮೇಜಿನ ಆ ತುದಿಯಲ್ಲಿ ಲ್ಯಾಪ್‌ಟಾಪ್ ತೆರೆದುಕೊಂಡು ಕೂತಿದ್ದ ಅಮೂಲ್ಯಾ ಬಹಳ ಹೊತ್ತು ನೋಡಿದಳು.

"ಅಮ್ಮಾ, ಪ್ಲೀಸ್. ಲೆಟ್ ಇಟ್ ಗೋ ಲಾ."

"ನೀನು ನಿನ್ನ ಕೆಲಸ ನೋಡು."

"ಹೀ ಡಸಂಟ್ ಈವನ್ ಲುಕ್ ಅಟ್ ಇಟ್. ಆವತ್ತು ಕಣ್ಣಲ್ಲಿ ನೀರು ಬಂತಂದ್ರೆ ಹೊಗೆಗೆ ಇರ್ಬಹುದು. ಯೂ ಆರ್ ಸೀಯಿಂಗ್ ವಾಟ್ ಯೂ ವಾಂಟ್."

ಹೊಗೆಗೆ ಇರಬಹುದು. ಈ ಮಾತು ಅವಳಿಗೆ ಗೊತ್ತಿಲ್ಲದ್ದೇನಲ್ಲ. ರಾತ್ರಿಯಿಡೀ ಮಗ್ಗುಲು ಬದಲಿಸುತ್ತಾ ಅವಳೇ ತನಗೆ ಹೇಳಿಕೊಂಡಿದ್ದಳು. ಮಗಳ ಬಾಯಿಂದ ಕೇಳಿದಾಗ ಮಾತ್ರ ಅವಳೊಳಗೆ ಏನೋ ಕಡಿದುಹೋಯಿತು. ಕುಂಚವನ್ನು ಬಿಸಾಡಿ, ಒಣಗಿದ್ದ ಒಂದು ಗುಂಡನ್ನು ಎತ್ತಿಕೊಂಡು ಗಂಡನ ಕುರ್ಚಿಯ ಮುಂದೆ ಹೋಗಿ ನಿಂತಳು.

"ನೋಡಿ ಮಾರಾಯ್ರೆ! ಒಂದ್ಸಲ ನೋಡಿ! ನಾನು ಯಾರಿಗೋಸ್ಕರ ಸಾಯ್ತಾ ಇದ್ದೇನೆ? ನಿಮ್ಮ ತಲೆಯೊಳಗೆ ಎಲ್ಲ ಉಂಟು, ನಂಗೆ ಗೊತ್ತುಂಟು, ಒಂದು ಹೇಳ್ಲಿಕ್ಕೆ ಆಗುದಿಲ್ವಾ? ಎಂತ ತಪ್ಪು ಮಾಡ್ತಿದ್ದೇನೆ ಹೇಳಿ! ತಲೆಯಾದ್ರೂ ಅಲ್ಲಾಡ್ಸಿ!"

"ಅಮ್ಮಾ, ಸ್ಟಾಪ್!" ಅಮೂಲ್ಯಾ ಎದ್ದುಬಂದಳು.

ಸ್ವರ್ಣಲತಾ ಅವನ ಎಡಗೈಯನ್ನು ಬಿಡಿಸಿ ಗುಂಡನ್ನು ಅಂಗೈಗೆ ತುರುಕಿದಳು. ಕೊಟ್ಟ ಮೇಲೆ ತಾನು ಮಾಡಿದ್ದಕ್ಕೆ ತಾನೇ ಹೇಸಿ ನೆಲದ ಮೇಲೆ ಕುಸಿದು, ಅವನ ಮೊಣಕಾಲಿಗೆ ಹಣೆ ಒತ್ತಿ ಅತ್ತಳು. ಹೊರಗೆ ಮಳೆ ಹೊಯ್ಯತೊಡಗಿತ್ತು. ಅಮೂಲ್ಯಾಗೆ ಯಾರನ್ನು ಹಿಡಿದುಕೊಳ್ಳಬೇಕೆಂದು ತಿಳಿಯಲಿಲ್ಲ.

ಆಗ ಏನೋ ಠಣ್ಣೆಂದು ನೆಲದ ಮೇಲೆ ಉರುಳಿತು. ತ್ರಿವಿಕ್ರಮ ಗುಂಡನ್ನು ಎಸೆದಿದ್ದ.

ಅವಳು ತಲೆಯೆತ್ತಿದಳು. ಅವನ ಹೆಬ್ಬೆರಳು ತೋರುಬೆರಳುಗಳ ನಡುವೆ ಸುತ್ತಿದ ಕಾಗದ ಉಳಿದಿತ್ತು, ಕಳಚಿದ ಬಳೆಯ ಹಾಗೆ. ಸೀಸ ಒಂದು ಕಡೆ, ಕಾಗದ ಒಂದು ಕಡೆ. ಅವಳು ಎದ್ದು ಇನ್ನೊಂದು ಗುಂಡು ತಂದು ಕೊಟ್ಟಳು. ಅವನು ಅದನ್ನು ಬೆರಳುಗಳಲ್ಲಿ ಒತ್ತಿ ಹಿಂಡಿದ. ಕಾಗದ ಸುತ್ತ ತಿರುಗಿತು. ಅದನ್ನೂ ಎಸೆದ. ಮೂರನೆಯದನ್ನೂ. ಅವನ ಮುಖ ಕೆಂಪಾಗಿತ್ತು. ಹಣೆಯ ನರ ಉಬ್ಬಿತ್ತು. ಎಷ್ಟೋ ತಿಂಗಳ ನಂತರ ಆ ಮುಖದ ಮೇಲೆ ಸಿಟ್ಟು ಕಂಡಿತು.

"ಸಡಿಲ," ಎಂದಳು. "ಸಡಿಲ ಆಗಿದೆ, ಅಲ್ವಾ? ಒಳಗೆ ಗುಂಡು ಜಾರ್ತಾ ಉಂಟು. ಕಾಗದ ತಿರುಗ್ತದೆ, ಸೀಸ ತಿರುಗುದಿಲ್ಲ!"

ಇಡಿಯಾಗಿ ಬಿದ್ದಿದ್ದ ಸುರುಳಿಗಳ ಅರ್ಥ ಆಗ ಅವಳಿಗೆ ಹೊಳೆಯಿತು. ಕಾಗದ ದಪ್ಪವಾದದ್ದಲ್ಲ, ತೆಳ್ಳಗಾದದ್ದೂ ಅಲ್ಲ. ಅದು ಸೀಸವನ್ನು ಹಿಡಿದೇ ಇರಲಿಲ್ಲ.

ಮೇಜನ್ನೇ ಅವನ ಕುರ್ಚಿಯ ಹತ್ತಿರ ಎಳೆದರು. ಅಮೂಲ್ಯಾ ಕೇಳದೆಯೇ ಒಂದು ತುದಿ ಹಿಡಿದಳು. ಸ್ವರ್ಣಲತಾ ಬರಿ ಗುಂಡನ್ನು ಗಟ್ಟಿಯಾಗಿ ಹಿಡಿದು ಒದ್ದೆ ಪಟ್ಟಿಯ ಒಂದು ಅಂಚನ್ನು ಅದಕ್ಕೆ ಒತ್ತಿದಳು. ಇನ್ನೊಂದು ತುದಿಯನ್ನು ಅವನ ಎಡಗೈಗೆ ಕೊಟ್ಟಳು. ಅವನು ಎಳೆದ. ಕಾಗದ ಹರಿಯಿತು. ಇನ್ನೊಂದು ಕೊಟ್ಟಳು, ಅದೂ ಹರಿಯಿತು. ಬೆವರು ಅವನ ಕಣ್ಣಿಗೆ ಇಳಿಯುತ್ತಿತ್ತು. ಮುಂದಿನದರಲ್ಲಿ ಕಾಗದ ಹರಿಯುವ ಹಂತಕ್ಕೆ ಬಂದು ನಿಂತಿತು. ಅವಳು ಹೆದರಿ ಕೈ ಸಡಿಲಿಸಿದಳು. ಅವನು ಮೂಗಿನಿಂದ ಬುಸುಗುಟ್ಟಿದ. ತುಟಿ ಒಂದು ಪಕ್ಕಕ್ಕೆ ಸೊಟ್ಟಗಾಗಿ, ಗಂಟಲಿನಿಂದ ಏನೋ ಉಜ್ಜಿಕೊಂಡು ಹೊರಗೆ ಬಂತು.

"ಎಳಿ."

ಅಮೂಲ್ಯಾಳ ಕೈಯಿಂದ ನೀರಿನ ತಟ್ಟೆ ಜಾರಿತು. "ಡಿಡ್ ಅಪ್ಪ ಜಸ್ಟ್..."

"ಎಳಿ!" ಅವನು ಮತ್ತೆ ಗದರಿದ.

ಅವಳು ಗುಂಡನ್ನು ಬಿಗಿಯಾಗಿ ಹಿಡಿದು ಸುತ್ತಿದಳು, ಅವನು ಎಳೆದ. ಎರಡು ಸುತ್ತು ಬಂದು, ಕಾಗದದ ಎರಡು ತುದಿಗಳು ಒಂದರ ಮೇಲೊಂದು ಏರದೆ ಅಂಚಿಗೆ ಅಂಚು ಕೂಡಿ ನಿಂತವು. ಹಿಂದುಳಿದ ಕಾಗದವನ್ನು ತಿರುಚಿ ಗುಂಡಿನ ಬುಡಕ್ಕೆ ಮಡಚಿದಳು. ಅಕ್ಕಿ ಡಬ್ಬಿಗೆ ಹಾಕಹೋದರೆ ಅವನು ಕೈ ಅಡ್ಡ ಇಟ್ಟ. ಮೇಜಿನ ಮೇಲೇ ಬಿಟ್ಟರು. ಎಳೆದು ಹಿಗ್ಗಿಸಿದ ಒದ್ದೆ ಕಾಗದ ಒಣಗುತ್ತಾ ಕುಗ್ಗಿ, ಸಂಜೆಯ ಹೊತ್ತಿಗೆ ಮದ್ದಳೆಯ ಚರ್ಮದ ಹಾಗೆ ಸೀಸವನ್ನು ಕಚ್ಚಿಕೊಂಡಿತು. ಉಗುರಿನಿಂದ ತಳ್ಳಿದರೂ ಅಲುಗಲಿಲ್ಲ. ಇಷ್ಟು ದಿನ ತಾನು ಅದನ್ನು ರೋಗಿಯ ಚರ್ಮದಂತೆ ಮುದ್ದು ಮಾಡಿದ್ದೇ ತಪ್ಪಾಯಿತೆಂದು ನೆನೆದು ಅವಳಿಗೆ ನಗುವೂ ಬಂತು, ತಲೆ ಚಚ್ಚಿಕೊಳ್ಳಬೇಕು ಎಂದೂ ಅನ್ನಿಸಿತು.

ಆದರೆ ಆ ಸಂತೋಷ ಸೋಮವಾರದವರೆಗೂ ಉಳಿಯಲಿಲ್ಲ. ಮಾತು ಬಂತೆಂದು ಕುಣಿದವಳಿಗೆ ಬಂದದ್ದು ಅದೊಂದೇ ಮಾತು ಎಂದು ತಿಳಿಯಿತು. ನೀರು ಬೇಕಾ ಎಂದರೆ "ಎಳಿ." ಬಚ್ಚಲಿಗೆ ಹೋಗಬೇಕೆಂದರೆ "ಎಳಿ." ಮಗಳ ಹೆಸರು ಹೇಳಿಸಹೋದರೆ ಅವನು ಕಷ್ಟಪಟ್ಟು ತುಟಿ ಕೂಡಿಸಿ, ಕಣ್ಣರಳಿಸಿ, ಕೊನೆಗೆ ಅದನ್ನೇ ಹೇಳಿ, ತಾನು ಹೇಳಿದ್ದು ಅದಲ್ಲವೆಂದು ತಿಳಿದು ಕುರ್ಚಿಯ ತೋಳನ್ನು ಗುದ್ದುತ್ತಿದ್ದ. "ಹೀಗೂ ಆಗ್ತದೆ ಮೇಡಂ. ಒಂದೇ ಪದ ಸಿಕ್ಕಿಕೊಂಡು ನಿಲ್ತದೆ," ಎಂದ ಕೀರ್ತಿರಾಜ್. "ಮುಂದೆ ಹೋದ್ರೂ ಹೋಗಬಹುದು, ಇಲ್ಲೇ ನಿಲ್ಲಲೂ ಬಹುದು." ಮೊದಲು ಅವನಿಗೆ ಏನೂ ತಿಳಿಯುತ್ತಿಲ್ಲವೇನೋ ಎಂಬ ಸಮಾಧಾನವಾದರೂ ಇತ್ತು. ಈಗ ಎಲ್ಲ ತಿಳಿಯುತ್ತದೆ ಎನ್ನುವುದು ಅವಳ ಎದೆಯ ಮೇಲೆ ಕಲ್ಲಿನಂತೆ ಕೂತಿತು. ಕಾಗದ ಎಳೆಯುವಾಗ ಮಾತ್ರ ಆ ಮಾತು ಸರಿಯಾದ ಜಾಗದಲ್ಲಿ ಬೀಳುತ್ತಿತ್ತು. ಅದಕ್ಕೇ ಇಬ್ಬರೂ ದಿನವೂ ಕೂತು ಎಳೆದರು.

ಪರೀಕ್ಷೆಯ ದಿನ ಬೆಳಿಗ್ಗೆಯೇ ಗಾಳಿ ನೀರು ಹೊತ್ತುಕೊಂಡು ನಿಂತಿತ್ತು. ಜುಲ್ಕಿಫ್ಲಿ ಗಾಲಿಕುರ್ಚಿಯನ್ನು ಹೊಡೆಯುವವರ ಸಾಲಿನ ಹಿಂದೆ ನೆರಳಿನಲ್ಲಿ ನಿಲ್ಲಿಸಿ, ತ್ರಿವಿಕ್ರಮನ ಕಿವಿಗೆ ಮುಚ್ಚಳ ಹಾಕಿದ. ಸಮಿತಿಯ ಇಬ್ಬರು ಕಾಫಿ ಕುಡಿಯುತ್ತಾ ನಿಂತಿದ್ದರು. ಇದೂ ಬೇಗ ಮುಗಿದರೆ ಮನೆಗೆ ಹೋಗಬಹುದು ಎನ್ನುವ ಮುಖ ಅವರದು.

"ಅಡ್ಡಡ್ಡ ಹೋಯಿತೋ, ಅಲ್ಲಿಗೇ ನಿಲ್ಲಿಸ್ತೀನಿ ಡಾಕ್ಟರ್," ಜುಲ್ಕಿಫ್ಲಿ ಮೆಲ್ಲಗೆ ಹೇಳಿದ. "ನನ್ನ ಕೈಯಲ್ಲಿಲ್ಲ, ಸಾರಿ ಲಾ."

ಮೊದಲನೆಯದು ಕಪ್ಪಿನ ಅಂಚಿನಲ್ಲಿ ಕೂತಿತು, ದುಂಡಗೆ. ಎರಡನೆಯದು ಅದರ ಹತ್ತಿರ. ನಳಿಗೆಯ ಮುಂದೆ ಹುಲ್ಲಿನ ಮೇಲೆ ಕಾಗದ ಸಣ್ಣ ಸಣ್ಣ ಎಸಳಾಗಿ ಮದುವೆಯ ಅಕ್ಷತೆಯಂತೆ ಉದುರುತ್ತಿತ್ತು. ಅವಳು ಒರೆಸಿದಳು, ಸುರಿದಳು, ಬಿಲ್ಲೆ ಇಟ್ಟಳು, ಇಳಿಸಿದಳು. ನಾಲ್ಕನೆಯದು ಹೊರಗೆ ಹೋಯಿತು. ಅದು ಗುಂಡಿನ ತಪ್ಪಲ್ಲ. ಭುಜದ ನೋವಿಗೆ ಹೆದರಿ ಅವಳೇ ಕಣ್ಣು ಮುಚ್ಚಿದ್ದಳು. ಏಳನೆಯದರಲ್ಲಿ ಮತ್ತೆ ಅದೇ. ಇನ್ನು ತಪ್ಪುವಂತಿಲ್ಲ. ಕೈಯ ಬೆವರಿಗೆ ಗಜ ಜಾರುತ್ತಿತ್ತು. ಅವಳು ಉಡುಪಿಯ ದೇವರನ್ನೂ ನೆನೆಯಲಿಲ್ಲ, ಯಾರನ್ನೂ ನೆನೆಯಲಿಲ್ಲ. ಬಂದೂಕಿನ ಹಿಡಿಯನ್ನು ಭುಜದ ಕಂದಿದ ಜಾಗಕ್ಕೇ ಬೇಕೆಂದೇ ಒತ್ತಿಕೊಂಡಳು. ಹೇಗೂ ನೋಯುತ್ತದೆ, ನೋಯಲಿ. ಎಂಟು. ಒಂಬತ್ತು. ಹತ್ತನೆಯದರ ಹೊಗೆ ಕರಗುವವರೆಗೂ ಅವಳು ಕಣ್ಣು ತೆರೆದೇ ಇದ್ದಳು.

ಜುಲ್ಕಿಫ್ಲಿ ದುರ್ಬೀನು ಬಿಟ್ಟು, ಖಾತ್ರಿ ಮಾಡಿಕೊಳ್ಳಲು ಹಲಗೆಯವರೆಗೂ ನಡೆದೇ ಹೋದ. ಅಲ್ಲಿಂದ ಕೈ ಎತ್ತಿ ಹೆಬ್ಬೆರಳು ತೋರಿಸಿದ.

ಎಂಟು.

ಸಮಿತಿಯವರು ಬಂದು ಕೈ ಕುಲುಕಿದರು. ವಿಭಾಗ ಮುಚ್ಚುವುದಿಲ್ಲ, ಇನ್ನು ಮುಂದೆ ಈ ಬಂದೂಕು ಡಾಕ್ಟರ್ ಸ್ವರ್ಣಲತಾ ಅವರ ಹೆಸರಿಗೆ ಎಂದರು. ಅವಳು ನಗುತ್ತಾ ಹಿಂದಕ್ಕೆ ತಿರುಗಿದಳು. ತ್ರಿವಿಕ್ರಮ ಅಳುತ್ತಿದ್ದ. ಸದ್ದಿಲ್ಲದೆ, ಬಾಯಿ ತೆರೆದುಕೊಂಡು, ಚಿಕ್ಕ ಮಕ್ಕಳು ಅಳುವ ಹಾಗೆ ಅಳುತ್ತಿದ್ದ.

ಸ್ವರ್ಣಲತಾ ಅವರ ಹೆಸರಿಗೆ. ಈ ಮಾತು ಅವಳ ಕಿವಿಗೆ ಆಗ ತಟ್ಟಿತು. ಅವನಿಗಾಗಿ ಉಳಿಸಿಕೊಳ್ಳಬೇಕೆಂದು ಒದ್ದಾಡಿದ್ದು ಅವನ ಕಣ್ಣೆದುರಿಗೇ ಇನ್ನೊಬ್ಬರದಾಗಿತ್ತು, ಅದೂ ಅವನೇ ಕಲಿಸಿಕೊಟ್ಟು.

ಕಾರಿನಲ್ಲಿ ಕೂರಿಸಿದ ಮೇಲೆ ಕೇಳಿದಳು. "ನಿಮಗೆ ಇದು ಬೇಡ ಇತ್ತಾ? ನಾನು ತಪ್ಪು ಮಾಡಿದ್ನಾ?"

ಅವನು ತಲೆಯಾಡಿಸಿದ. ಹೌದೆಂದೋ, ಅಲ್ಲವೆಂದೋ. ಲಕ್ವ ಹೊಡೆದಾಗಿನಿಂದ ಅವನ ಹೌದು ಅಲ್ಲ ಎರಡೂ ಒಂದರೊಳಗೊಂದು ಕಲಸಿಹೋಗಿದ್ದವು. ಅವಳು ಮತ್ತೆ ಕೇಳಿದಳು. ಮತ್ತೆ ಹಾಗೇ ತಲೆಯಾಡಿಸಿದ. ಸಂತೋಷಕ್ಕೆ ಅತ್ತನೋ, ಸಂಕಟಕ್ಕೆ ಅತ್ತನೋ ತನಗೆ ಎಂದೂ ತಿಳಿಯದೆ ಹೋಗಬಹುದು ಎಂದು ಅವಳಿಗೆ ಅನ್ನಿಸಿತು. ಸ್ಟೇರಿಂಗಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಅವಳೂ ಅತ್ತಳು. ಬಂದರಿನ ಕಡೆಗೆ ಹೋಗುವ ಕಂಟೇನರ್ ಲಾರಿಗಳು ಸಾಲುಸಾಲಾಗಿ ಕಾರನ್ನು ಅದುರಿಸುತ್ತಾ ಹೋದವು. ಆಮೇಲೆ ಮೂಗು ಒರೆಸಿಕೊಂಡು ಗಾಡಿ ಹೊರಡಿಸಿದಳು.

ಕ್ಲಾಂಗ್ ಹತ್ತಿರ ತಮಿಳು ಮುಸ್ಲಿಮರು ನಡೆಸುವ ಒಂದು ಮಾಮಕ್ ತಿಂಡಿ ಅಂಗಡಿಯ ಮುಂದೆ ಅವನು ಎಡಗೈಯಿಂದ ಕಾರಿನ ಗಾಜು ತಟ್ಟಿದ. ಹಸಿವಾಗಿತ್ತು. ರಸ್ತೆಯ ಬದಿಯ ಮೇಜಿನಲ್ಲಿ ಪರೋಟದಂಥ ರೊಟ್ಟಿ ಚನಾಯ್, ಬಟ್ಟಲಲ್ಲಿ ಬಿಸಿ ದಾಲ್ ಬಂತು. ಆಸ್ಪತ್ರೆಯಿಂದ ಮನೆಗೆ ಬಂದಾಗಿನಿಂದ ಅವಳೇ ಅವನಿಗೆ ತಿನ್ನಿಸುತ್ತಿದ್ದಳು. ಇವತ್ತೂ ಒಂದು ತುಂಡು ಮುರಿದು, ಅದ್ದಿ, ಬಾಯಿಯ ಹತ್ತಿರ ಹಿಡಿದಳು. ಅವನು ಅವಳ ಕೈಯನ್ನು ಪಕ್ಕಕ್ಕೆ ತಳ್ಳಿದ. ರೊಟ್ಟಿಯ ಮೇಲೆ ಅಂಗೈ ಊರಿ, ಬೆರಳುಗಳಿಂದ ಒಂದು ಚೂರು ಕಿತ್ತು, ದಾಲಿನಲ್ಲಿ ಮುಳುಗಿಸಿ ಬಾಯಿಗೆ ಕೊಂಡೊಯ್ದ. ಅರ್ಧ ದಾಲ್ ಗಲ್ಲದ ಮೇಲೆ ಇಳಿದು ಬಿಳಿ ಅಂಗಿಗೆ ಬಿತ್ತು. ಅವಳ ಕೈ ಕರವಸ್ತ್ರದವರೆಗೆ ಹೋಯಿತು, ಅಲ್ಲಿಯೇ ನಿಂತಿತು. ಅವನು ಎರಡನೆಯ ಚೂರು ಕೀಳುತ್ತಿದ್ದ. ಅವಳು ತನ್ನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಆರುವ ಮೊದಲು ತಿನ್ನತೊಡಗಿದಳು.